ಹಳೆಯ ಮಕ್ಕಳ ಆಟದ ಸಿಡಿಗಳನ್ನು ಇವತ್ತಿನ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು ಹೇಗೆ: ಹಂತ ಹಂತವಾಗಿ

ಬೇಸಿಗೆ ರಜೆ ಶುರುವಾದರೆ ಸಾಕು, ತುಮಕೂರಿನ ನನ್ನ ರಿಪೇರಿ ಟೇಬಲ್ ಮುಂದೆ ಸಿಡಿ ಪೌಚ್ ಹಿಡಿದುಕೊಂಡು ಜನ ಬರುತ್ತಾರೆ. "ಅಣ್ಣಾ, ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿದ್ವು. ನಾನು ಚಿಕ್ಕವಳಿದ್ದಾಗ ಆಡಿದ್ದು. ಮಗಳಿಗೆ ತೋರಿಸೋಣ ಅಂತ ಹಾಕಿದೆ, ಏನೂ ಆಗ್ತಿಲ್ಲ." ಏನು ಮಾಡಿದ್ರಿ ಅಂತ ಕೇಳಿದರೆ ಎಲ್ಲರ ಉತ್ತರವೂ ಒಂದೇ. ಸಿಡಿ ಹಾಕಿದೆ, ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿದೆ, ಬರಲಿಲ್ಲ, ಇನ್ನೊಂದು ಸಲ ಮಾಡಿದೆ.

ತಪ್ಪಾಗುವುದು ಅಲ್ಲೇ. ಸೆಟಪ್ ಒತ್ತುವುದು ಕೊನೆಯ ಕೆಲಸ, ಎಷ್ಟೋ ಆಟಗಳಿಗೆ ಅದು ಬೇಕಾಗುವುದೇ ಇಲ್ಲ. ಮೊದಲು ಸಿಡಿ ನೋಡಬೇಕು, ಒರೆಸಬೇಕು, ನಕಲು ತೆಗೆಯಬೇಕು. ಆಮೇಲೆ ಆಟ ಯಾವ ಕಾಲದ್ದು ಅಂತ ಗುರುತಿಸಿ, ಅದಕ್ಕೆ ತಕ್ಕ ದಾರಿ ಹಿಡಿಯಬೇಕು. ಈ ಕ್ರಮ ಬಿಟ್ಟವರೇ ಜಾಸ್ತಿ ಸೋಲುತ್ತಾರೆ.

ಇಲ್ಲಿ ಹೇಳುತ್ತಿರುವುದು 1985ರಿಂದ 2000ದವರೆಗಿನ ಇಂಗ್ಲಿಷ್ ಕಲಿಕೆಯ ಆಟಗಳ ಬಗ್ಗೆ. ರೀಡರ್ ರ‍್ಯಾಬಿಟ್, ನಂಬರ್ ಮಂಚರ್ಸ್, ಮ್ಯಾಥ್ ಬ್ಲಾಸ್ಟರ್, ಜಂಪ್‌ಸ್ಟಾರ್ಟ್, ಪುಟ್-ಪುಟ್, ಫ್ರೆಡ್ಡಿ ಫಿಶ್, ಲಿವಿಂಗ್ ಬುಕ್ಸ್, ಇಂಥವು. ಕಂಪ್ಯೂಟರ್ ವಿಂಡೋಸ್ 10 ಅಥವಾ 11 ಅಂತ ಇಟ್ಟುಕೊಂಡಿದ್ದೇನೆ.

ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಹಾಗಾಗಿ ಯುಎಸ್‌ಬಿ ಡಿವಿಡಿ ಡ್ರೈವ್ ಬೇಕು. ಅಕ್ಕಪಕ್ಕದ ಮನೆಯಿಂದ ತಂದರೂ ನಡೆಯುತ್ತದೆ, ಒಂದು ದಿನದ ಕೆಲಸ ಅಷ್ಟೇ. ಅದನ್ನು ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿ. ನಾಲ್ಕು ಪೋರ್ಟಿನ ಹಬ್‌ಗೆ ಚುಚ್ಚಿದರೆ ಕರೆಂಟ್ ಸಾಲದೆ ಡ್ರೈವ್ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಜನ ಆಗ ಸಿಡಿ ಹಾಳಾಗಿದೆ ಅಂತ ತಿಳಿದುಕೊಳ್ಳುತ್ತಾರೆ.

ಇನ್ನು ಒಂದು 16 ಜಿಬಿ ಪೆನ್‌ಡ್ರೈವ್. ಒಂದು ಸಿಡಿ ಹೆಚ್ಚೆಂದರೆ 700 ಎಂಬಿ, ಆದ್ದರಿಂದ ಇಪ್ಪತ್ತು ಸಿಡಿ ಆರಾಮಾಗಿ ಹಿಡಿಸುತ್ತದೆ. ಮೆತ್ತಗಿನ ಹಳೆಯ ಪಂಚೆಯ ತುಂಡು ಒಂದು. ಮಗುವಿನ ಕೈಗೆ ಸರಿಹೋಗುವ ಚಿಕ್ಕ ಮೌಸ್ ಒಂದು.

ಸಾಫ್ಟ್‌ವೇರ್ ನಾಲ್ಕು ಬೇಕು, ನಾಲ್ಕೂ ಉಚಿತ: ನಕಲು ತೆಗೆಯಲು ಇಮ್ಜ್‌ಬರ್ನ್ (ImgBurn), ಆಟ ಓಡಿಸಲು ಸ್ಕಮ್‌ವಿಎಂ (ScummVM), ಡಾಸ್‌ಬಾಕ್ಸ್-ಎಕ್ಸ್ (DOSBox-X) ಮತ್ತು ಓಟಿವಿಡಿಎಂ (otvdm). ಆಯಾ ಸಾಫ್ಟ್‌ವೇರ್‌ನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಆಗುವಾಗ ನಡುವೆ ಬೇರೆ ಯಾವುದೋ ಪ್ರೋಗ್ರಾಂ ಸೇರಿಸಲಾ ಅಂತ ಕೇಳಿದರೆ ಬೇಡ ಅನ್ನಿ. ನೆಕ್ಸ್ಟ್, ನೆಕ್ಸ್ಟ್ ಅಂತ ಸುಮ್ನೆ ಒತ್ತಿಕೊಂಡು ಹೋಗಬೇಡಿ.

ಹಂತ 1: ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿ

ಡ್ರೈವ್‌ಗೆ ಹಾಕುವ ಮುಂಚೆ ಸಿಡಿಯ ಅಂಚು ಹಿಡಿದು ಟ್ಯೂಬ್‌ಲೈಟಿಗೆ ಎತ್ತಿ. ಬೆಳ್ಳಿ ಬಣ್ಣದ ಪದರದಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕಿನ ಚುಕ್ಕಿಗಳು ಕಾಣುತ್ತವಾ? ಆ ಚುಕ್ಕಿ ಇರುವ ಕಡೆ ಪದರವೇ ಉದುರಿ ಹೋಗಿದೆ, ಅಲ್ಲಿದ್ದ ಮಾಹಿತಿ ವಾಪಸ್ ಬರುವುದಿಲ್ಲ.

ಹೆಚ್ಚಿನವರು ಹೊಳೆಯುವ ಕೆಳಭಾಗವನ್ನು ಜೋಪಾನ ಮಾಡಿ, ಹೆಸರು ಬರೆದಿರುವ ಮೇಲ್ಭಾಗವನ್ನು ಟೇಬಲ್ ಮೇಲೆ ಉಜ್ಜಾಡುತ್ತಾರೆ. ಇದು ಉಲ್ಟಾ. ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಬಹುಪಾಲು ಕೆಳಗಿನ ಪ್ಲಾಸ್ಟಿಕ್ಕೇ. ಮಾಹಿತಿ ಇರುವ ಪದರ ಮೇಲಿನ ಚಿತ್ರದ ಕೆಳಗೇ ಇದೆ, ಅದರ ಮೇಲೆ ತೆಳು ಲೇಪ ಬಿಟ್ಟರೆ ಏನೂ ಇಲ್ಲ. ಕೆಳಗಿನ ಗೀರು ಎಷ್ಟೋ ಸಲ ಓದಲು ಅಡ್ಡಿ ಮಾಡುವುದಿಲ್ಲ. ಮೇಲಿನ ಗೀರು ಆಳವಾಗಿದ್ದರೆ ಅಲ್ಲಿಗೆ ಮುಗಿಯಿತು.

ಹೋದ ವರ್ಷ ಕ್ಯಾತ್ಸಂದ್ರದಿಂದ ಒಬ್ಬ ಅಕ್ಕ ತಂದ ಸಿಡಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಭಾಗ ಕನ್ನಡಿಯ ಹಾಗಿತ್ತು, ಒಂದು ಗೀರೂ ಇರಲಿಲ್ಲ. ಮೇಲ್ಭಾಗದಲ್ಲಿ ಯಾರೋ ಬಾಲ್‌ಪೆನ್ನಿನಿಂದ ಒತ್ತಿ ಒತ್ತಿ "ಪಾಪು ಆಟ" ಅಂತ ಬರೆದಿದ್ದರು. ಬೆಳಕಿಗೆ ಹಿಡಿದರೆ ಆ ನಾಲ್ಕು ಅಕ್ಷರಗಳ ಮೂಲಕ ಟ್ಯೂಬ್‌ಲೈಟ್ ಕಾಣುತ್ತಿತ್ತು. ಅದನ್ನು ಉಳಿಸಲು ಆಗಲಿಲ್ಲ. ಸಿಡಿ ಮೇಲೆ ಬರೆಯಲೇಬೇಕಾದರೆ ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಉಂಗುರದ ಮೇಲೆ, ಮೆತ್ತಗಿನ ಮಾರ್ಕರ್‌ನಲ್ಲಿ ಬರೆಯಿರಿ.

ಅಪಾಯದ ಸೂಚನೆ: ನಡುವಿನ ತೂತಿನಿಂದ ಹೊರಕ್ಕೆ ಕೂದಲೆಳೆಯಷ್ಟು ಬಿರುಕು ಇದ್ದರೂ ಆ ಸಿಡಿ ಹಾಕಬೇಡಿ. ಜೋರಾಗಿ ತಿರುಗುವಾಗ ಒಳಗೇ ಚೂರಾಗಬಹುದು, ಡ್ರೈವ್ ಕೂಡ ಹೋಗುತ್ತದೆ. ಕಾಗದದ ಸ್ಟಿಕರ್ ಅಂಟಿಸಿದ ಸಿಡಿಯಾದರೆ ಸ್ಟಿಕರ್ ಕೀಳಬೇಡಿ. ಅದರ ಜೊತೆ ಬೆಳ್ಳಿ ಪದರವೂ ಎದ್ದು ಬರುತ್ತದೆ.

ಹಂತ 2: ಒರೆಸುವುದು

ಅಟ್ಟದ ಧೂಳಾದರೆ ಮೊದಲು ಊದುವ ಬದಲು ಮೆತ್ತಗಿನ ಬ್ರಷ್‌ನಿಂದ ಕೊಡವಿ. ಬಾಯಿಂದ ಊದಿದರೆ ಎಂಜಲು ಹನಿ ಬೀಳುತ್ತದೆ. ಆಮೇಲೆ ಪಂಚೆ ತುಂಡನ್ನು ಸ್ವಲ್ಪ ಒದ್ದೆ ಮಾಡಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ಉಜ್ಜಬೇಡಿ. ಸಿಡಿಯಲ್ಲಿ ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಗುಂಡಗೆ ಬಿದ್ದ ಗೀರು ಅದರ ಉದ್ದಕ್ಕೂ ಹರಿದು ಜಾಸ್ತಿ ಜಾಗ ತಿನ್ನುತ್ತದೆ. ಅಡ್ಡ ಬಿದ್ದ ಗೀರಾದರೆ ಡ್ರೈವ್ ಎಷ್ಟೋ ಸಲ ತಾನೇ ಸರಿಮಾಡಿಕೊಂಡು ಓದುತ್ತದೆ.

ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ತಣ್ಣೀರು, ಆಮೇಲೆ ನೆರಳಲ್ಲಿ ಒಣಗಿಸುವುದು. ಬಿಸಿಲಿಗೆ ಇಡಬೇಡಿ. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಅಂತ ಹೇಳುವವರು ಇದ್ದಾರೆ. ಅದರೊಳಗಿನ ಪುಡಿ ಹೊಸ ಗೀರುಗಳನ್ನು ಹಾಕುತ್ತದೆ. ದಯವಿಟ್ಟು ಬೇಡ.

ಹಂತ 3: ಆಟ ಆಡುವ ಮುಂಚೆ ನಕಲು ತೆಗೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಇಪ್ಪತ್ತೈದು ವರ್ಷದ ಸಿಡಿ ಇವತ್ತು ಓದಿದರೆ ನಾಳೆಯೂ ಓದುತ್ತದೆ ಅಂತ ನಂಬಬೇಡಿ. ಓದಿದ ಮೊದಲ ಸಲವೇ ಪೂರ್ತಿ ನಕಲು ತೆಗೆದಿಟ್ಟುಕೊಳ್ಳಿ. ನಕಲು ಅಂದರೆ ಫೈಲುಗಳನ್ನು ಎಳೆದು ಫೋಲ್ಡರ್‌ಗೆ ಹಾಕುವುದಲ್ಲ. ಇಡೀ ಸಿಡಿಯನ್ನು ಹಾಗೇ ಒಂದು ಇಮೇಜ್ ಫೈಲ್ ಮಾಡುವುದು.

ಇಮ್ಜ್‌ಬರ್ನ್ ತೆರೆದು, ಡಿಸ್ಕ್‌ನಿಂದ ಇಮೇಜ್ ಫೈಲ್ ಮಾಡುವ ಆಯ್ಕೆ ಒತ್ತಿ. ಓದುವ ವೇಗ ಅಂತ ಒಂದು ಜಾಗ ಇದೆ. ಅದನ್ನು 8 ಎಕ್ಸ್‌ಗೆ ಅಥವಾ ಸಿಗುವ ಅತಿ ಕಡಿಮೆ ವೇಗಕ್ಕೆ ಇಳಿಸಿ. ವೇಗ ಜಾಸ್ತಿ ಇದ್ದಷ್ಟೂ ಹಳೆಯ ಸಿಡಿ ತಡವರಿಸುತ್ತದೆ. ನಿಧಾನಕ್ಕೆ ಓದಿಸಿ, ಅಷ್ಟರಲ್ಲಿ ಕಾಫಿ ಕುಡಿದು ಬನ್ನಿ.

ಮುಗಿದ ಮೇಲೆ ಏನು ಸಿಕ್ಕಿತು ಅಂತ ನೋಡಿ. ಐಎಸ್ಒ ಅನ್ನುವ ಒಂದೇ ಫೈಲ್ ಬಂದಿದ್ದರೆ ಅದು ಬರೀ ಮಾಹಿತಿ ಇರುವ ಸಿಡಿ. ಬಿನ್ ಮತ್ತು ಕ್ಯೂ ಅಂತ ಎರಡು ಫೈಲ್ ಬಂದಿದ್ದರೆ ಹೆಚ್ಚಿನಪಾಲು ಅದರಲ್ಲಿ ಆಟದ ಹಾಡುಗಳು ಆಡಿಯೋ ಸಿಡಿಯ ರೂಪದಲ್ಲೇ ಕೂತಿವೆ. ಫೈಲ್ ಎಳೆದು ನಕಲು ಮಾಡಿದವರಿಗೆ ಆಟ ಬರುತ್ತದೆ, ಹಾಡು ಬರುವುದಿಲ್ಲ ಅಂತ ಆಗುವುದು ಇದೇ ಕಾರಣಕ್ಕೆ. ಈ ಎರಡು ಫೈಲುಗಳನ್ನು ಒಂದೇ ಫೋಲ್ಡರ್‌ನಲ್ಲಿಡಿ, ಹೆಸರು ಬದಲಿಸಬೇಡಿ. ಕ್ಯೂ ಫೈಲ್ ಒಳಗೆ ಬಿನ್ ಫೈಲಿನ ಹೆಸರು ಬರೆದಿರುತ್ತದೆ. ಒಂದರ ಹೆಸರು ಬದಲಾದರೆ ಇನ್ನೊಂದು ಅದನ್ನು ಹುಡುಕಲಾರದು.

ನಡುವೆ ಸೆಕ್ಟರ್ (ಸಿಡಿಯ ಒಂದು ಪುಟ್ಟ ತುಣುಕು) ಓದಲು ಆಗುತ್ತಿಲ್ಲ ಅಂತ ಬಂದರೆ ಮುಂದುವರಿಸು ಅಂತ ಒತ್ತಬೇಡಿ. ಒತ್ತಿದರೆ ಆ ಜಾಗಕ್ಕೆ ಖಾಲಿ ತುಂಬಿ ಮುಂದೆ ಹೋಗುತ್ತದೆ. ಆಟ ಶುರುವಾಗುತ್ತದೆ, ಮೂರನೇ ಚಿತ್ರಕ್ಕೆ ನಿಂತುಬಿಡುತ್ತದೆ. ಅದರ ಬದಲು ಮತ್ತೆ ಪ್ರಯತ್ನಿಸು ಅಂತ ಕೊಡಿ, ಇನ್ನೊಮ್ಮೆ ಒರೆಸಿ ಹಾಕಿ, ಆಗಲೂ ಬರದಿದ್ದರೆ ಬೇರೆ ಡ್ರೈವ್‌ನಲ್ಲಿ ನೋಡಿ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅಪಾಯದ ಸೂಚನೆ: ಡ್ರೈವ್ ಏರಿ ಇಳಿದು ಒಂದೇ ಸಮ ಗುಂಯ್‌ಗುಟ್ಟಿದರೆ ಓದಲು ಒದ್ದಾಡುತ್ತಿದೆ ಅಂತ ಅರ್ಥ, ಕಾಯಬಹುದು. ಕಟಕಟ ಅಂತ ಏನೋ ತಾಗುವ ಶಬ್ದ ಬಂದರೆ ಆ ಕ್ಷಣವೇ ನಿಲ್ಲಿಸಿ ಹೊರಗೆ ತೆಗೆಯಿರಿ.

ಹಂತ 4: ಆಟ ಯಾವ ಕಾಲದ್ದು ಅಂತ ಗುರುತಿಸಿ

ಐಎಸ್ಒ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ 10 ಮತ್ತು 11 ಅದನ್ನು ಸಿಡಿ ಹಾಕಿದ ಹಾಗೇ ತೆರೆಯುತ್ತವೆ. ಕ್ಯೂ ಫೈಲ್ ಹಾಗೆ ತೆರೆಯುವುದಿಲ್ಲ. ಅದಕ್ಕೆ ವಿನ್‌ಸಿಡಿಎಮು ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಒಳಗೆ ಏನಿದೆ ಅಂತ ನಿಧಾನಕ್ಕೆ ನೋಡಿ. ಏನನ್ನೂ ಒತ್ತಬೇಡಿ.

ಸಿಡಿ ಡಬ್ಬಿ ಇನ್ನೂ ಇದ್ದರೆ ಅದರ ಹಿಂದೆ ಬರೆದಿರುವುದೇ ದೊಡ್ಡ ಸುಳಿವು. ಎಂಎಸ್-ಡಾಸ್, 386 ಅಂತಿದ್ದರೆ ಡಾಸ್ ಕಾಲದ್ದು, ಅಂದರೆ ವಿಂಡೋಸ್‌ಗೂ ಮುಂಚೆ ಕಪ್ಪು ಪರದೆಯಲ್ಲಿ ಟೈಪ್ ಮಾಡಿ ಕಂಪ್ಯೂಟರ್ ನಡೆಸುತ್ತಿದ್ದ ಕಾಲದ್ದು (386, 486, ಪೆಂಟಿಯಂ ಎಲ್ಲ ಆಗಿನ ಪ್ರೊಸೆಸರ್‌ಗಳ ಹೆಸರು). ವಿಂಡೋಸ್ 3.1, 486 ಅಂತಿದ್ದರೆ ಅದರ ಮುಂದಿನದು. ವಿಂಡೋಸ್ 95, ಪೆಂಟಿಯಂ ಅಂತಿದ್ದರೆ ಇನ್ನೂ ಮುಂದಿನದು. ಡಬ್ಬಿ ಇಲ್ಲದಿದ್ದರೆ ಫೈಲುಗಳ ತಾರೀಕು ನೋಡಿ. ಆಟೋರನ್ ಅನ್ನುವ ಫೈಲ್ ಇದ್ದರೆ ಅದು ವಿಂಡೋಸ್ 95 ಬಂದ ಮೇಲಿನ ಸಿಡಿ, ಯಾಕೆಂದರೆ ಸಿಡಿ ಹಾಕಿದ ಕೂಡಲೇ ತಾನೇ ತೆರೆದುಕೊಳ್ಳುವ ಏರ್ಪಾಡು ಬಂದದ್ದೇ ಆಗ.

ಆಮೇಲೆ ಎಚ್‌ಇ0, ಎಚ್‌ಇ1 ಅಂತ ಕೊನೆಯಾಗುವ ಫೈಲುಗಳು ಇವೆಯಾ ನೋಡಿ. ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಅದು ಪುಟ್-ಪುಟ್, ಫ್ರೆಡ್ಡಿ ಫಿಶ್ ಮಾಡಿದ ಹ್ಯೂಮಂಗಸ್ ಕಂಪನಿಯ ಆಟ. ನೇರ 5ನೇ ಹಂತಕ್ಕೆ ಹೋಗಿ.

ಹಂತ 5: ಪುಟ್-ಪುಟ್, ಫ್ರೆಡ್ಡಿ ಫಿಶ್, ಲಿವಿಂಗ್ ಬುಕ್ಸ್: ಸ್ಕಮ್‌ವಿಎಂ ದಾರಿ

ಎಲ್ಲದರಲ್ಲೂ ಸುಲಭದ ದಾರಿ ಇದು. ಸ್ಕಮ್‌ವಿಎಂ ಹಳೆಯ ಪ್ರೋಗ್ರಾಂ ಅನ್ನು ಓಡಿಸುವುದೇ ಇಲ್ಲ. ಆಟದ ಚಿತ್ರ, ಶಬ್ದ, ಕಥೆಯ ಫೈಲುಗಳನ್ನು ಮಾತ್ರ ತೆಗೆದುಕೊಂಡು ತಾನೇ ಆಟ ನಡೆಸುತ್ತದೆ. ಹಾಗಾಗಿ ಸೆಟಪ್ ಬೇಕಿಲ್ಲ, ಹಳೆಯ ವಿಂಡೋಸ್ ಬೇಕಿಲ್ಲ. ಪುಟ್-ಪುಟ್, ಫ್ಯಾಟಿ ಬೇರ್, ಫ್ರೆಡ್ಡಿ ಫಿಶ್, ಪಜಾಮಾ ಸ್ಯಾಮ್, ಸ್ಪೈ ಫಾಕ್ಸ್ ಮತ್ತು ಲಿವಿಂಗ್ ಬುಕ್ಸ್‌ನ ಕಥೆಗಳು ಇದರಲ್ಲಿ ಬರುತ್ತವೆ.

ತೆರೆದ ಸಿಡಿ ಇಮೇಜ್‌ನಲ್ಲಿರುವ ಎಲ್ಲವನ್ನೂ ಒಂದು ಹೊಸ ಫೋಲ್ಡರ್‌ಗೆ ನಕಲು ಮಾಡಿ. ಒಂದು ಆಟಕ್ಕೆ ಒಂದು ಫೋಲ್ಡರ್. ಸ್ಕಮ್‌ವಿಎಂನಲ್ಲಿ ಆಡ್ ಗೇಮ್ ಒತ್ತಿ ಆ ಫೋಲ್ಡರ್ ತೋರಿಸಿ. ಆಟದ ಹೆಸರನ್ನು ಅದೇ ಗುರುತಿಸಿ ಪಟ್ಟಿಗೆ ಸೇರಿಸುತ್ತದೆ. ಆಮೇಲೆ ಸ್ಟಾರ್ಟ್.

ಆಟ ಸಿಗಲಿಲ್ಲ ಅಂತ ಬಂದರೆ ಎರಡರಲ್ಲಿ ಒಂದು ತಪ್ಪಾಗಿರುತ್ತದೆ. ಹೊರಗಿನ ಫೋಲ್ಡರ್ ತೋರಿಸಿದ್ದೀರಿ, ಫೈಲುಗಳು ಅದರ ಒಳಗಿನ ಫೋಲ್ಡರ್‌ನಲ್ಲಿವೆ. ಇಲ್ಲವೇ ಕೆಲವು ಫೈಲು ಮಾತ್ರ ನಕಲಾಗಿವೆ. ಆಟ ಬಂದು ಮಾತು ಬರದಿದ್ದರೆ ಎಚ್‌ಇ2 ಫೈಲ್, ಹಾಡು ಬರದಿದ್ದರೆ ಎಚ್‌ಇ4 ಫೈಲ್ ಬಿಟ್ಟುಹೋಗಿದೆಯಾ ಅಂತ ನೋಡಿ.

ಚಿತ್ರ ಅಗಲಕ್ಕೆ ಎಳೆದ ಹಾಗೆ ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಸ್ಟ್ರೆಚ್ ಮೋಡ್ ಬದಲಿಸಿ. ಈ ಆಟಗಳು ಹಳೆಯ 4:3 ಮಾನಿಟರ್‌ಗೆ ಮಾಡಿದ್ದು. ಎರಡು ಪಕ್ಕ ಕಪ್ಪು ಪಟ್ಟಿ ಇದ್ದರೇ ಸರಿ. ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿದರೆ ಸೇವ್ ಮಾಡುವ ಮೆನು ಬರುತ್ತದೆ. ಸ್ಕಮ್‌ವಿಎಂ ಆಂಡ್ರಾಯ್ಡ್ ಫೋನಿಗೂ ಇದೆ, ಆದರೆ ಚಿಕ್ಕ ಮಕ್ಕಳಿಗೆ ದೊಡ್ಡ ಸ್ಕ್ರೀನೇ ವಾಸಿ.

ಸಿಡಿ ಪೂರ್ತಿ ಹಾಳಾಗಿದ್ದರೆ? ಹ್ಯೂಮಂಗಸ್ ಆಟಗಳು ಸ್ಟೀಮ್ ಮತ್ತು ಜಿಒಜಿ ಅನ್ನುವ ಆಟ ಮಾರುವ ಜಾಲತಾಣಗಳಲ್ಲಿ ಮಾರಾಟಕ್ಕಿವೆ. ಯಾವ್ಯಾವುದೋ ಜಾಲತಾಣದಿಂದ ಇಳಿಸಿಕೊಂಡು ಮಗು ಬಳಸುವ ಕಂಪ್ಯೂಟರ್‌ಗೆ ವೈರಸ್ ತಂದುಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 6: ಡಾಸ್ ಆಟಗಳು

ನಂಬರ್ ಮಂಚರ್ಸ್, ಟ್ರೆಶರ್ ಮೌಂಟನ್, ಹಳೆಯ ಮ್ಯಾಥ್ ಬ್ಲಾಸ್ಟರ್ ಈ ಗುಂಪಿನವು. ಡಾಸ್‌ಬಾಕ್ಸ್-ಎಕ್ಸ್ ತೆರೆಯುವ ಮುಂಚೆ ಲ್ಯಾಪ್‌ಟಾಪ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷಿನಲ್ಲಿ, ಎಂಟು ಅಕ್ಷರದ ಒಳಗೆ, ನಡುವೆ ಜಾಗ ಬಿಡದೆ. ಡಾಸ್‌ಗೆ ಅದಕ್ಕಿಂತ ಉದ್ದದ ಹೆಸರು ಅರ್ಥವಾಗುವುದಿಲ್ಲ.

ಮೇಲಿನ ಡ್ರೈವ್ ಮೆನುವಿನಲ್ಲಿ ಸಿ ಆಯ್ಕೆಮಾಡಿ ಆ ಖಾಲಿ ಫೋಲ್ಡರ್ ತೋರಿಸಿ. ಆಮೇಲೆ ಡಿ ಆಯ್ಕೆಮಾಡಿ ನಿಮ್ಮ ಐಎಸ್ಒ ಅಥವಾ ಕ್ಯೂ ಫೈಲ್ ತೋರಿಸಿ. ಬಿನ್ ಅಲ್ಲ, ಕ್ಯೂ. ಈಗ ಕಪ್ಪು ಪರದೆಯಲ್ಲಿ ಡಿ ಅಕ್ಷರ, ಅದರ ಪಕ್ಕ ಕೋಲನ್ ಟೈಪ್ ಮಾಡಿ ಎಂಟರ್ ಒತ್ತಿ. ಡಿ, ಐ, ಆರ್ ಅನ್ನುವ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಬರುತ್ತದೆ. ಅದರಲ್ಲಿ ಇನ್‌ಸ್ಟಾಲ್ ಅಥವಾ ಸೆಟಪ್ ಅನ್ನುವ ಹೆಸರಿದ್ದರೆ ಅದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಶಬ್ದಕ್ಕೆ ಯಾವ ಕಾರ್ಡ್ ಅಂತ ಕೇಳುತ್ತದೆ. ಸೌಂಡ್ ಬ್ಲಾಸ್ಟರ್ ಅನ್ನಿ. ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1. ಶಬ್ದ ಬರದಿದ್ದರೆ ಹೆಚ್ಚಾಗಿ ಐಆರ್‌ಕ್ಯೂ 5 ಅಂತ ಕೊಟ್ಟಿರುತ್ತೀರಿ.

ಆಟ ಕೈಗೇ ಸಿಗದಷ್ಟು ವೇಗವಾಗಿ ಓಡಿದರೆ ಹೆದರಬೇಡಿ. ಆ ಕಾಲದ ಎಷ್ಟೋ ಆಟಗಳು ಕಂಪ್ಯೂಟರ್‌ನ ವೇಗಕ್ಕೇ ತಾಳ ಹಾಕಿಕೊಂಡು ನಡೆಯುತ್ತಿದ್ದವು. ನಂಬರ್ ಮಂಚರ್ಸ್‌ನಲ್ಲಿ ಮಗು ಮೂರರ ಮಗ್ಗಿಯ ಸಂಖ್ಯೆ ಹುಡುಕುವಷ್ಟರಲ್ಲಿ ರಾಕ್ಷಸ ಬಂದು ತಿಂದುಬಿಟ್ಟರೆ ಕಲಿಕೆ ಎಲ್ಲಿ ಆಗುತ್ತದೆ, ಅಲ್ವಾ? ಸಿಪಿಯು ಮೆನುವಿನಲ್ಲಿ ಸೈಕಲ್ಸ್, ಅಂದರೆ ಓಡುವ ವೇಗ, ಕಡಿಮೆ ಮಾಡುತ್ತಾ ಬನ್ನಿ, ನಿಮಗೇ ಆರಾಮಾಗಿ ಆಡಲು ಆಗುವವರೆಗೆ. ಹಾಡು ತುಂಡು ತುಂಡಾಗಿ ಬಂದರೆ ಸೈಕಲ್ಸ್ ಜಾಸ್ತಿ ಮಾಡಿ ನೋಡಿ.

ಅಪಾಯದ ಸೂಚನೆ: ಡಾಸ್‌ಬಾಕ್ಸ್-ಎಕ್ಸ್‌ನ ಸಿ ಡ್ರೈವ್‌ಗೆ ಲ್ಯಾಪ್‌ಟಾಪ್‌ನ ಇಡೀ ಸಿ ಡ್ರೈವ್ ತೋರಿಸಬೇಡಿ. ಡಾಸ್ ಒಳಗೆ ಅಳಿಸಿದ್ದು ನಿಜವಾಗಿಯೂ ಅಳಿಸಿಹೋಗುತ್ತದೆ. ಖಾಲಿ ಫೋಲ್ಡರ್ ಮಾಡಿ ಅಂದದ್ದು ಅದಕ್ಕೇ.

ಹಂತ 7: ವಿಂಡೋಸ್ 3.1 ಮತ್ತು 95ರ ಆಟಗಳು

ಜನ ಜಾಸ್ತಿ ಸೋಲುವುದು ಇಲ್ಲಿ. 'ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ' ಅಂತ ನೀಲಿ ಪಟ್ಟಿ ಬರುತ್ತದಲ್ಲ, ಅದರ ಕಾರಣ ತಿಳಿದುಕೊಳ್ಳಿ. ಬಿಟ್ ಅಂದರೆ ಪ್ರೋಗ್ರಾಂ ಒಂದೇ ಸಲಕ್ಕೆ ಎತ್ತಿಕೊಳ್ಳುವ ಮಾಹಿತಿಯ ಅಳತೆ. ಆಗಿನ ಪ್ರೋಗ್ರಾಂಗಳು 16 ಬಿಟ್. ಈಗಿನ ವಿಂಡೋಸ್ 64 ಬಿಟ್, 11ರಲ್ಲಂತೂ ಬೇರೆ ಆಯ್ಕೆಯೇ ಇಲ್ಲ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂ ಅನ್ನು ಮುಟ್ಟುವುದೂ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಇದು ಬದಲಾಗುವುದಿಲ್ಲ. ಅದರ ಜೊತೆ ಗುದ್ದಾಡುತ್ತಾ ಸಂಜೆ ಕಳೆಯಬೇಡಿ.

ಆದರೆ 1995ರಿಂದ ಆಚೆಗಿನ ಎಷ್ಟೋ ಸಿಡಿಗಳಲ್ಲಿ ಸೆಟಪ್ ಮಾತ್ರ 16 ಬಿಟ್, ಒಳಗಿನ ಆಟ 32 ಬಿಟ್. 32 ಬಿಟ್ ಆಟ ಇವತ್ತಿಗೂ ಓಡುತ್ತದೆ. ಆದ್ದರಿಂದ ಮೊದಲು ಸೆಟಪ್ ಬಿಟ್ಟು, ಸಿಡಿ ಇಮೇಜ್ ತೆರೆದೇ ಇಟ್ಟುಕೊಂಡು, ಆಟದ ಹೆಸರೇ ಇರುವ ಫೈಲ್ ಹುಡುಕಿ ಒತ್ತಿ. ವಿನ್32 ಅನ್ನುವ ಫೋಲ್ಡರ್ ಇದ್ದರೆ ಅಲ್ಲಿ ಮೊದಲು ನೋಡಿ.

ಗುಬ್ಬಿ ಕಡೆಯ ಒಬ್ಬರು ಮೇಷ್ಟ್ರು ಶಾಲೆಗೆ ಅಂತ ಒಂದು ಎಣಿಕೆ ಆಟದ ಸಿಡಿ ತಂದಿದ್ದರು. ಎರಡು ಅಂಗಡಿಯಲ್ಲಿ ಆಗಲ್ಲ ಅಂದಿದ್ದರಂತೆ. "ನೋಡಿ ಸ್ವಲ್ಪ, ಆಗದಿದ್ರೆ ಬಿಡಿ" ಅಂದರು. ಸೆಟಪ್ ಬಿಟ್ಟು ಒಳಗಿನ ಫೈಲ್ ಒತ್ತಿದೆವು. ಆಟ ಬಂತು, ಆದರೆ ಕರಡಿಯ ಮುಖ ಹಸಿರು, ಆಕಾಶ ನೇರಳೆ. ಇದಕ್ಕೆ ಮದ್ದು ಸುಲಭ. ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ ವಿಂಡೋಸ್ 95 ಆರಿಸಿ, ಬಣ್ಣ ಕಡಿಮೆ ಮಾಡುವ ಜಾಗದಲ್ಲಿ 8 ಬಿಟ್ ಅಂದರೆ 256 ಬಣ್ಣ ಕೊಡಿ, 640×480 ಗುರುತು ಹಾಕಿ. ಆ ಆಟಗಳು 256 ಬಣ್ಣದ ಸ್ಕ್ರೀನ್‌ಗೆ ಬರೆದಿದ್ದು. ಮತ್ತೆ ತೆರೆದಾಗ ಕರಡಿ ಕಂದು ಬಣ್ಣಕ್ಕೆ ಬಂತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ತಾವೇ ಹತ್ತರವರೆಗೆ ಎಣಿಸಿದರು.

ಆಟದ ಫೈಲ್ ಒತ್ತಿದಾಗಲೂ ಅದೇ ನೀಲಿ ಪಟ್ಟಿ ಬಂದರೆ ಆಟವೇ 16 ಬಿಟ್, ಆಗ ಓಟಿವಿಡಿಎಂ. ಅದನ್ನು ಬಿಚ್ಚಿ ಒಂದು ಫೋಲ್ಡರ್‌ನಲ್ಲಿಟ್ಟು, ಆಟದ ಫೈಲನ್ನು ಎಳೆದು ಓಟಿವಿಡಿಎಂ ಫೈಲಿನ ಮೇಲೆ ಬಿಡಿ. 16 ಬಿಟ್ ಸೆಟಪ್ ಕೂಡ ಹೀಗೆ ನಡೆಯುತ್ತದೆ. ಎಲ್ಲ ಆಟವೂ ಇದರಲ್ಲಿ ಬರುತ್ತದೆ ಅಂತ ಇಲ್ಲ.

ಅಪಾಯದ ಸೂಚನೆ: ಸಿಡಿಯಲ್ಲಿರುವ ಹಳೆಯ ಕ್ವಿಕ್‌ಟೈಮ್ (ವಿಡಿಯೋ ತೋರಿಸುವ ಆಪಲ್‌ನ ಸಾಫ್ಟ್‌ವೇರ್) ಹಾಕಲಾ ಅಂತ ಕೇಳಿದರೆ ಇಂಟರ್‌ನೆಟ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬೇಡ. ವಿಂಡೋಸ್‌ನ ಕ್ವಿಕ್‌ಟೈಮ್ ಅನ್ನು ಆಪಲ್ 2016ರಲ್ಲೇ ಕೈಬಿಟ್ಟಿದೆ, ಅದರಲ್ಲಿರುವ ಭದ್ರತೆಯ ತೂತುಗಳು ಹಾಗೇ ಉಳಿದಿವೆ. ಕ್ವಿಕ್‌ಟೈಮ್ ಇಲ್ಲದೆ ನಡೆಯದ ಆಟ ಮುಂದಿನ ಹಂತಕ್ಕೆ.

ಹಂತ 8: ಯಾವುದಕ್ಕೂ ಬಗ್ಗದಿದ್ದರೆ, ಮೂಲೆಯ ಹಳೆಯ ಎಕ್ಸ್‌ಪಿ ಕಂಪ್ಯೂಟರ್

32 ಬಿಟ್ ವಿಂಡೋಸ್ ಎಕ್ಸ್‌ಪಿ 16 ಬಿಟ್ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುತ್ತದೆ. ಮನೆಯಲ್ಲೋ ಶಾಲೆಯಲ್ಲೋ ಅಂಥದ್ದು ಇದ್ದರೆ ಗುಜರಿಗೆ ಹಾಕಬೇಡಿ. ಆನ್ ಮಾಡುವ ಮುಂಚೆ ಪಕ್ಕದ ಮುಚ್ಚಳ ತೆಗೆದು ಧೂಳು ಕೊಡವಿ. ಒಳಗಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಪ್ಲಗ್ ಹಾಕಬೇಡಿ. ಆನ್ ಮಾಡಿದಾಗ ತಾರೀಕು ತಪ್ಪು, ಎಫ್1 ಒತ್ತು ಅಂತ ಬಂದರೆ ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ಹೋಗಿದೆ. ಸಿಆರ್ 2032 ಅಂತ ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ದಪ್ಪ ಮಾನಿಟರ್ ಅನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಜೋರಾದ ಕರೆಂಟ್ ನಿಂತಿರುತ್ತದೆ.

ಈ ಕಂಪ್ಯೂಟರ್‌ಗೆ ಇಂಟರ್‌ನೆಟ್ ಕೊಡಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ ರಕ್ಷಣೆಯ ಅಪ್‌ಡೇಟ್ ನಿಂತಿದೆ. ಆಡಿಸಲು ಮೂಲ ಸಿಡಿ ಬಳಸಬೇಡಿ. 3ನೇ ಹಂತದ ಇಮೇಜ್‌ನಿಂದ ಹೊಸ ಸಿಡಿ ಬರೆದು ಅದನ್ನು ಹಾಕಿ.

ಹಂತ 9: ಮಗುವನ್ನು ಕೂರಿಸುವ ಮುಂಚೆ

ಮೊದಲು ನೀವು ಹದಿನೈದು ನಿಮಿಷ ಆಡಿ. ಹೊರಗೆ ಬರುವುದು ಹೇಗೆ, ಸೇವ್ ಎಲ್ಲಿ, ಶಬ್ದ ಎಷ್ಟು ಅಂತ ಗೊತ್ತಿರಲಿ. ಹಳೆಯ ಆಟಗಳು ಶುರುವಲ್ಲೇ ಜೋರಾಗಿ ಕೂಗುತ್ತವೆ. ಹೆಡ್‌ಫೋನ್ ಹಾಕಿದ್ದರೆ ಮಗು ಬೆಚ್ಚಿಬೀಳುತ್ತದೆ.

ನಾಲ್ಕೈದು ವರ್ಷದವರಿಗೆ ಟಚ್‌ಪ್ಯಾಡ್ ಆಗುವುದಿಲ್ಲ. ಬೆರಳು ಒಂದು ಕಡೆ, ಬಾಣ ಇನ್ನೊಂದು ಕಡೆ. ಮೌಸ್ ಕೊಟ್ಟು, ವಿಂಡೋಸ್ ಸೆಟ್ಟಿಂಗ್‌ನಲ್ಲಿ ಬಾಣದ ವೇಗ ಇಳಿಸಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಈ ಆಟಗಳಲ್ಲಿರುವುದು ಅಮೆರಿಕದ ಮಕ್ಕಳಿಗೆ ಮಾಡಿದ ಇಂಗ್ಲಿಷ್, ಅದೂ ವೇಗವಾಗಿ. ಕನ್ನಡ ಮಾಧ್ಯಮದ ಮಗು ಅದನ್ನು ಕೇಳಿ ಸುಮ್ಮನೆ ಕೂತರೆ ಮಗುವಿಗೆ ಬುದ್ಧಿ ಸಾಲದು ಅಂತ ಅಲ್ಲ. ಮಾತು ಕಡಿಮೆ ಇರುವ ಎಣಿಕೆ, ಜೋಡಿ ಹುಡುಕುವ, ಆಕಾರ ಹೊಂದಿಸುವ ಆಟದಿಂದ ಶುರುಮಾಡಿ. ಪಕ್ಕದಲ್ಲಿ ಕೂತು "ನೋಡು ಪುಟ್ಟಿ, ಮೂರು ಸೇಬು ಕೇಳ್ತಿದೆ, ಬುಟ್ಟಿಗೆ ಹಾಕು" ಅಂತ ಕನ್ನಡದಲ್ಲಿ ಹೇಳಿ. ಎರಡು ಮೂರು ದಿನದಲ್ಲಿ ಮಗುವೇ ಮುಂಚಿತವಾಗಿ ಒತ್ತುತ್ತದೆ. ಓದುವ ಆಟಗಳು, ಅಂದರೆ ರೀಡರ್ ರ‍್ಯಾಬಿಟ್‌ನಂಥವು, ಇಂಗ್ಲಿಷ್ ಅಕ್ಷರ ಗೊತ್ತಾದ ಮೇಲೆ ಇರಲಿ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಟಿವಿ, ಮೊಬೈಲ್ ಎಲ್ಲ ಸೇರಿ ಆ ಒಂದು ಗಂಟೆ.

ಹಂತ 10: ಎತ್ತಿಡುವುದು

ಪ್ರತಿ ಆಟಕ್ಕೂ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಇರಲಿ. ಅದರಲ್ಲಿ ಇಮೇಜ್ ಫೈಲ್, ಸಿಡಿ ಡಬ್ಬಿಯ ಎರಡೂ ಕಡೆಯ ಫೋಟೋ, ಮತ್ತೆ ನೀವು ಯಾವ ದಾರಿಯಲ್ಲಿ ಓಡಿಸಿದಿರಿ ಅನ್ನುವ ನಾಲ್ಕು ಸಾಲಿನ ಟೆಕ್ಸ್ಟ್ ಫೈಲ್. "ಸ್ಕಮ್‌ವಿಎಂ, ಒಳಗಿನ ಫೋಲ್ಡರ್ ತೋರಿಸಬೇಕು" ಅಂತಲೋ, "256 ಬಣ್ಣ, 640×480" ಅಂತಲೋ ಬರೆದಿಡಿ. ಮುಂದಿನ ರಜೆಗೆ ಇದೆಲ್ಲ ಮರೆತುಹೋಗಿರುತ್ತದೆ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಲ್ಯಾಪ್‌ಟಾಪ್‌ನಲ್ಲೂ ಒಂದು ಪ್ರತಿ ಇರಲಿ. ಮೂಲ ಸಿಡಿಯನ್ನು ಪೌಚ್‌ಗೆ ವಾಪಸ್ ತುರುಕದೆ ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ, ಅಟ್ಟದ ಬದಲು ಬೀರುವಿನಲ್ಲಿ.